38 ವರ್ಷದ ಫೈಬರ್ ಬೋಟು, ಪೂರ್ತಿ ವಿಮೆ: ನನ್ನ ಅನುಭವ

ಮೊನ್ನೆ ನನ್ನ ಬೋಟಿನ ಪಾಲಿಸಿ ಎರಡನೇ ಸಲ ರಿನ್ಯೂ ಆಯಿತು. ಒಂದು ಪ್ರಶ್ನೆಯೂ ಬರಲಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. "ಮೂವತ್ತು ದಾಟಿದ ಫೈಬರ್ ಬೋಟಿಗೆ ಯಾರೂ ಪೂರ್ತಿ ವಿಮೆ ಕೊಡಲ್ಲ, ಥರ್ಡ್ ಪಾರ್ಟಿ ಸಿಕ್ಕರೆ ನಿನ್ನ ಪುಣ್ಯ" ಅಂತ ಜೆಟ್ಟಿಯಲ್ಲಿ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ನನ್ನದು 26 ಅಡಿ, ಒಂದೇ ಡೀಸೆಲ್ ಎಂಜಿನ್, ಕೊಂಡಾಗಲೇ 38 ವರ್ಷ ಹಳೆಯದು. ಈಗ ಅದಕ್ಕೆ ಮುಂಚೆಯೇ ಬೆಲೆ ಒಪ್ಪಿಕೊಂಡ ಪಾಲಿಸಿ ಇದೆ. ಮುಳುಗಿಹೋದರೆ ಅವತ್ತಿನ ಮಾರ್ಕೆಟ್ ಬೆಲೆ ಎಷ್ಟು ಅಂತ ಚೌಕಾಸಿ ಇಲ್ಲ, ಬರೆದಷ್ಟು ಕೊಡಬೇಕು.

ಮೊದಲು ಕೈ ಸುಟ್ಟುಕೊಂಡಿದ್ದನ್ನು ಹೇಳುತ್ತೇನೆ. ಶುರುವಿನಲ್ಲಿ ಮನಸ್ಸಿಗೆ ಬಂದಿದ್ದು ಬೇರೆ ಬೋಟು. ತಳಕ್ಕೆ ಹೊಸ ಪೇಂಟು, ಕ್ಯಾಬಿನ್ ಒಳಗೆ ಹೊಸ ಕುಶನ್ನು. ಸರ್ವೇಯರ್, ಅಂದರೆ ಬೋಟು ಪರೀಕ್ಷಿಸಿ ರಿಪೋರ್ಟ್ ಕೊಡುವವರು, ಮಾರುವವರನ್ನು ಕೇಳಿ ತಳದಲ್ಲಿ ಒಂದು ಕಡೆ ಪೇಂಟು ಕೆರೆದರು. ಕೆಳಗೆ ಉಗುರಿನಷ್ಟು ದೊಡ್ಡ ಗುಳ್ಳೆಗಳು. ಒಂದನ್ನು ಚುಚ್ಚಿದರೆ ಚಿಳ್ ಅಂತ ನೀರು ಹಾರಿತು, ವಿನೆಗರ್ ವಾಸನೆ. ಗುಳ್ಳೆ ಬಂದ ಮಾತ್ರಕ್ಕೆ ಬೋಟು ಮುಳುಗಲ್ಲ. ಆದರೆ ಇಲ್ಲಿ ಇಡೀ ತಳ ಹಾಗಿತ್ತು, ಮಾರುವವರು ಬೆಲೆ ಇಳಿಸಲು ತಯಾರಿರಲಿಲ್ಲ. ಪರೀಕ್ಷೆಗೆ ಬೋಟನ್ನು ನೀರಿನಿಂದ ಮೇಲೆತ್ತಿಸಿದ ದುಡ್ಡು, ಸರ್ವೇ ದುಡ್ಡು ಎರಡೂ ಹೋಯಿತು. ಮಾರುವ ಮುಂಚೆ ತಳಕ್ಕೆ ಬಳಿದ ಹೊಸ ಪೇಂಟು ಕಂಡರೆ ಈಗಲೂ ನನಗೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ಎರಡನೆಯದು ನೋಡಲು ಅಸಹ್ಯವಾಗಿತ್ತು. ಅದೇ ಅದರ ಗುಣ. ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ತಳ ಗಟ್ಟಿ ಫೈಬರ್, ತಟ್ಟಿದರೆ ಎಲ್ಲ ಕಡೆ ಟಣ್ ಅನ್ನುತ್ತಿತ್ತು. ಡೆಕ್ ಮಾತ್ರ ಒಳಗೆ ಬಾಲ್ಸಾ ಮರ ಇಟ್ಟು ಮಾಡಿದ್ದು. ರೇಲಿಂಗ್ ಕಂಬಗಳ ಬೋಲ್ಟಿನ ಸುತ್ತ ಡಬ್ ಡಬ್ ಸದ್ದು, ಅಂದರೆ ಒಳಗಿನ ಮರ ಒದ್ದೆಯಾಗಿ ಕೊಳೆತಿರಬೇಕು. ಒಂದು ಸೀಕಾಕ್‌ನ (ತಳದ ತೂತಿನಿಂದ ಬರುವ ನೀರು ನಿಲ್ಲಿಸುವ ವಾಲ್ವ್) ಹಿಡಿ ತಿರುಗಿಸಿದರೆ ಹಿಡಿ ಸರ್ವೇಯರ್ ಕೈಗೇ ಬಂತು. ಚಾಕುವಿನಿಂದ ಕೆರೆದು ನೋಡಿದರೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿದೆ, ಸತುವೆಲ್ಲ ಹೋಗಿ ಬರೀ ಪುಡಿಪುಡಿ ತಾಮ್ರ. ಆ ರಿಪೋರ್ಟ್ ಹಿಡಿದುಕೊಂಡು ಕೂತಿದ್ದಕ್ಕೆ ಕೇಳಿದ ಬೆಲೆಯಲ್ಲಿ ಆರನೇ ಒಂದು ಪಾಲು ಇಳಿಯಿತು.

ಸದ್ದಿನ ವಿಷಯ ಬಂತಲ್ಲ, ಒಂದು ವಾರ ಬೋಟನ್ನು ತಟ್ಟಿ ನೋಡುವುದರಲ್ಲೇ ಕಳೆದೆ. ಕಬ್ಬಿಣದ ಸುತ್ತಿಗೆ ಬೇಡವೇ ಬೇಡ, ಗೆಲ್‌ಕೋಟ್‌ಗೆ, ಅಂದರೆ ಫೈಬರ್ ಮೇಲಿನ ನುಣುಪು ಹೊರಪದರಕ್ಕೆ, ಗುರುತು ಬೀಳುತ್ತದೆ. ತೆಳು ಡೆಕ್‌ಗೆ ನಾಣ್ಯ ಪರವಾಗಿಲ್ಲ. ನನಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ್ದು ದೊಡ್ಡ ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿ. ತೇವ ಅಳೆಯುವ ಮಾಯಿಶ್ಚರ್ ಮೀಟರ್ ಸಾಲ ತಂದಿದ್ದೆ. ಒಂದು ಕಡೆ ಮುಳ್ಳು ಕೊನೆಗೆ ಹೋಗಿ ಕೂತಿತು, ನಿದ್ದೆಗೆಟ್ಟೆ. ಬೆಳಿಗ್ಗೆ ಒಳಗಿನಿಂದ ನೋಡಿದರೆ ಆ ಜಾಗದ ಹಿಂದೆ ಲೋಹದ ಟ್ಯಾಂಕು! ಮೀಟರು ಮೋಸಹೋಗಿದ್ದು ಅದಕ್ಕೆ, ತೇವಕ್ಕಲ್ಲ. ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ ಚೌಕ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಹಾಕಿ, ಮಾರನೇ ದಿನ ಪ್ಲಾಸ್ಟಿಕ್ಕಿನ ಒಳಬದಿಗೆ ತೇವದ ಹನಿ ಕಟ್ಟಿದೆಯಾ ಅಂತ ನೋಡುತ್ತಿದ್ದೆ. ಮೀಟರಿಗಿಂತ ಅದನ್ನೇ ಜಾಸ್ತಿ ನಂಬಿದೆ.

ಡೆಕ್ ರಿಪೇರಿಯಲ್ಲಿ ನಾನು ಮಾಡಿದ ದಡ್ಡತನ ಇದು. ಮೇಲಿನಿಂದ ಸುಮಾರು 200 ತೂತು ಕೊರೆದು, ಫ್ಯಾನು ಹೀಟರು ಇಟ್ಟು ಆರು ವಾರ ಒಣಗಿಸಿ, ಸಿರಿಂಜಿನಲ್ಲಿ ಎಪಾಕ್ಸಿ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು) ತುಂಬಿಸಿದೆ. ಕಾಲಿಟ್ಟರೆ ಗಟ್ಟಿ ಅನ್ನಿಸಿತು. ಅನುಮಾನ ಹೋಗಲಿ ಅಂತ ಒಂದು ಚೌಕ ಕತ್ತರಿಸಿ ತೆಗೆದೆ. ಪ್ರತಿ ತೂತಿನ ಕೆಳಗೆ ಅಣಬೆಯ ಹಾಗೆ ಒಂದೊಂದು ಎಪಾಕ್ಸಿ ಗಡ್ಡೆ, ನಡುವೆಲ್ಲ ಒದ್ದೆ ರಟ್ಟಿನಂಥ ಕಪ್ಪು ಬಾಲ್ಸಾ. ಎಪಾಕ್ಸಿಯ ದುಡ್ಡು ದಂಡ. ಆಮೇಲೆ ಮೇಲಿನ ಪದರವನ್ನೇ ಕತ್ತರಿಸಿ ಎತ್ತಿ, ಕೊಳೆತದ್ದನ್ನು ಉಳಿಯಿಂದ ಕಿತ್ತು, ಫೋಮ್ ಕೂರಿಸಿದೆ. ಆ ಕೆಲಸದಲ್ಲೇ ಒಮ್ಮೆ ಅವಸರಕ್ಕೆ ಜಾಸ್ತಿ ಎಪಾಕ್ಸಿ ಕಲಸಿಬಿಟ್ಟೆ. ಡಬ್ಬಿ ಕೈಯಲ್ಲೇ ಬಿಸಿಯಾಗಿ, ಹೊಗೆ ಬಂದು, ತಳ ಕರಗಿ ನನ್ನ ಚಪ್ಪಲಿ ಮೇಲೆ ಬಿತ್ತು. ಎಪಾಕ್ಸಿ ಮೇಲೆ ಗೆಲ್‌ಕೋಟ್ ಹೊಡೆಯಲು ಹೋಗಿ ಅದೂ ಅಂಟಂಟಾಗಿ ಉಳಿಯಿತು. ಒರೆಸಿ ತೆಗೆದು ಪೇಂಟೇ ಹೊಡೆದೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ಬೋಟಿಗೆ ಕೊಟ್ಟಿದ್ದು 100 ಅಂತ ಇಟ್ಟುಕೊಳ್ಳಿ. ಮೇಲೆತ್ತಿಸಿದ್ದು, ಸರ್ವೇ ಸೇರಿ 7. ಡೆಕ್‌ಗೆ 12 ಅಂದುಕೊಂಡಿದ್ದೆ, 19ರ ಹತ್ತಿರ ಹೋಯಿತು. ಕಂಚಿನ ಸೀಕಾಕ್, ಹೋಸು, ಕ್ಲಿಪ್ಪು 6. ಎಂಜಿನ್ನಿನ ಬಿಡಿಭಾಗಗಳು, ಎಕ್ಸಾಸ್ಟ್ ಎಲ್ಬೋ, ಇಂಪೆಲ್ಲರ್, ಬೆಲ್ಟು 4 ಇರಬೇಕು. ನನ್ನ ಕೂಲಿ ಸೊನ್ನೆ. ಪ್ರೀಮಿಯಂ ವರ್ಷಕ್ಕೆ 2ಕ್ಕಿಂತ ಒಂಚೂರು ಕಡಿಮೆ.

ಈಗ ವಿಮೆ. ಮೊದಲ ಮೂರು ಕಂಪನಿಗೆ ಫೋನಿನಲ್ಲಿ ಕೇಳಿದೆ. ಎಷ್ಟು ವರ್ಷ ಅಂದರು, ಹೇಳಿದೆ, ಇಬ್ಬರು ಆಗಲ್ಲ ಅಂದರು. ಮೂರನೆಯವರ ಅರ್ಜಿಯಲ್ಲಿ "ಸಣ್ಣಪುಟ್ಟ ರಿಪೇರಿ ಬಾಕಿ ಇದೆ" ಅಂತ ಬರೆದಿದ್ದೆ, ಅಲ್ಲಿಗೆ ಮುಗಿಯಿತು. ಬರೆದಿದ್ದು ತಪ್ಪಲ್ಲ. ಮುಚ್ಚಿಟ್ಟರೆ ನಾಳೆ ಕ್ಲೇಮ್ ಹೊತ್ತಿಗೆ ಪಾಲಿಸಿಯೇ ಬಿದ್ದುಹೋಗಬಹುದು. ರಿಪೇರಿ ಮುಗಿಯುವ ಮುಂಚೆ ಕೇಳಿದ್ದು ತಪ್ಪು, ಅಷ್ಟೇ.

ನಾಲ್ಕನೇ ಸಲ ಫೋನೇ ಮಾಡಲಿಲ್ಲ. ಫೈಲು ಕಳಿಸಿದೆ. ಸರ್ವೇಯರ್ ಹೇಳಿದ 14 ಅಂಶಕ್ಕೂ ಒಂದೊಂದು ಹಾಳೆ: ಮೇಲೆ ಅವರ ಮಾತು, ಕೆಳಗೆ ರಿಪೇರಿಗೆ ಮುಂಚಿನ ಫೋಟೋ, ಪಕ್ಕದಲ್ಲಿ ಆಮೇಲಿನ ಫೋಟೋ, ಎರಡೂ ಒಂದೇ ಕೋನದಿಂದ. ಬಿಲ್ಲು ಹಿಂದೆ ಪಿನ್ನು. ಆ ಅಣಬೆ ಗಡ್ಡೆಯ ಫೋಟೋವನ್ನೂ ಹಾಕಿದ್ದೆ. ಅದೇ ಸರ್ವೇಯರನ್ನು ಇನ್ನೊಮ್ಮೆ ಕರೆಸಿ ಎಲ್ಲ ಮುಗಿದಿದೆ ಅಂತ ಪತ್ರ ಬರೆಸಿದೆ. ಬೋಟನ್ನು ದಡಕ್ಕೆ ಹಾಕಿಡುವ ನಾಲ್ಕು ತಿಂಗಳನ್ನು ನಾನೇ ಮೊದಲು ಬರೆದುಕೊಟ್ಟೆ, ಪ್ರೀಮಿಯಂ ಇಳಿಯಿತು. ಆ ತಿಂಗಳಲ್ಲಿ ನೀರಿಗಿಳಿಸಿ ಹೊರಟರೆ ವಿಮೆ ಇಲ್ಲ, ಅದು ನೆನಪಿರಲಿ. ಬೋಟಿನ ಬೆಲೆ ಎಷ್ಟು ಬರೆಯಬೇಕು ಅಂತ ಹೇಗೆ ಲೆಕ್ಕ ಹಾಕಿದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಇನ್ನೊಂದು ಬೋಟು ಕೊಳ್ಳುವ ಆಸೆ ಇದೆ, ಅಲ್ಲಿಯವರೆಗೆ ನನ್ನ ಹತ್ತಿರವೇ ಇರಲಿ.

ಒಂಬತ್ತು ದಿನಕ್ಕೆ ಉತ್ತರ ಬಂತು. ಸವೆತ, ನಿಧಾನಕ್ಕೆ ಕೊಳೆಯೋದು, ತಳದ ಗುಳ್ಳೆ ಇದಕ್ಕೆಲ್ಲ ಕ್ಲೇಮ್ ಇಲ್ಲ ಅಂತ ಬರೆದಿದ್ದರು, ಅದು ಹೊಸ ಬೋಟಿಗೂ ಇರಲ್ಲ. ನಾನು ಹಟ ಹಿಡಿದಿದ್ದು ಒಂದಕ್ಕೇ, ಮುಳುಗಿದರೆ ಮೇಲೆತ್ತಿ ಸಾಗಿಸುವ ಖರ್ಚು. ಹಳೆ ಬೋಟಿನಲ್ಲಿ ಆ ಖರ್ಚು ಬೋಟಿನ ಬೆಲೆಯನ್ನೇ ನುಂಗಿಬಿಡಬಹುದು. ಸೇರಿಸಿದರು.

ಮುಂದಿನ ಸರ್ವೇಗೆ ಇನ್ನೂ ಮೂರು ವರ್ಷ ಇದೆ. ಆಂಕರ್ ಇಡುವ ಪೆಟ್ಟಿಗೆ ಪಕ್ಕದಲ್ಲಿ ಅಂಗೈಯಷ್ಟು ಜಾಗ ಈಚೆಗೆ ಸ್ವಲ್ಪ ಡಬ್ ಅನ್ನುತ್ತಿದೆ. ಫೋಟೋ ತೆಗೆದು, ತಾರೀಖು ಬರೆದು ಫೈಲಿಗೆ ಹಾಕಿದ್ದೇನೆ.