ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ವಿಡಿಯೋ ಗೇಮ್: ಊರಿನ ಪಾಳುಬಿದ್ದ ಕಮ್ಯುನಿಟಿ ಸೆಂಟರ್ ಮೊದಲ ವರ್ಷವೇ ರಿಪೇರಿ ಮಾಡುವುದು ಹೇಗೆ?

ಸೆಂಟರಿನ ಒಂದೊಂದು ಕೋಣೆಯೂ ಕೇಳಿದ್ದನ್ನು ಕೊಟ್ಟರೆ ರಿಪೇರಿ ಆಗುತ್ತದೆ, ಅದಕ್ಕೇ ಬೆಳೆದದ್ದನ್ನೆಲ್ಲ ಮಾರಬೇಡಿ. ಐವತ್ತು ಮರದ ತುಂಡಿನಲ್ಲಿ ಒಂದು ಪೆಟ್ಟಿಗೆ ಮಾಡಿ, ಮನೆ ಬಾಗಿಲ ಹತ್ತಿರ ಇಡಿ. ತರಕಾರಿ, ಮೀನು, ಕಾಡಲ್ಲಿ ಸಿಕ್ಕಿದ್ದು, ಎಲ್ಲದರಲ್ಲೂ ಒಂದೊಂದು ಅದರೊಳಗೆ ಹೋಗಲಿ. ಊರು ಎದ್ದು ನಿಲ್ಲುವುದು ಈ ಪೆಟ್ಟಿಗೆಯಿಂದಲೇ.

ವಸಂತದ 5ನೇ ತಾರೀಖು ಅಥವಾ ಆಮೇಲೆ, ಮಳೆಯಿಲ್ಲದ ದಿನ, ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರೊಳಗೆ ಬಸ್ ಸ್ಟಾಪ್ ಕಡೆಯಿಂದ ಊರಿಗೆ ಬನ್ನಿ. ಮೇಯರ್ ಲೂಯಿಸ್ ಸೆಂಟರಿನ ಬಾಗಿಲು ತೆಗೆಯುತ್ತಾರೆ. ಒಳಗಿರುವ ಹೊಂಬಣ್ಣದ ಸುರುಳಿ ನೋಡಿ. ಆಮೇಲೆ ಮಾಂತ್ರಿಕನ ಪತ್ರ ಬರುತ್ತದೆ. ಅವನನ್ನು ನೋಡಿ ಬಂದರೆ ಯಾವ ಕೋಣೆಗೆ ಏನು ಕೊಡಬೇಕು ಅಂತ ಓದಬಹುದು.

ಮೊದಲು ಬೆಳೆಗಳನ್ನು ಕೇಳುವ ಪ್ಯಾಂಟ್ರಿ ಕೋಣೆ ಹಿಡಿಯಿರಿ, ಅದು ಮುಗಿದರೆ ಗ್ರೀನ್‌ಹೌಸ್ ಸಿಗುತ್ತದೆ. ಒಂದು ಋತುವಿಗೆ 28 ದಿನ ಮಾತ್ರ. ಹೂಕೋಸಿಗೆ 12 ದಿನ ಬೇಕು, ಹುರುಳಿಕಾಯಿಗೆ 10. ಹೂಕೋಸು 16ರೊಳಗೆ ನೆಡದಿದ್ದರೆ ಋತು ಬದಲಾದಾಗ ಗಿಡವೇ ಒಣಗುತ್ತದೆ, ಮುಂದಿನ ವಸಂತದವರೆಗೆ ಕಾಯಬೇಕು. ಬೀಜ ಮಾರುವ ಪಿಯರ್ ಅಂಗಡಿಗೆ ಬುಧವಾರ ರಜಾ, ಮಂಗಳವಾರವೇ ತಂದಿಡಿ.

ಶುಕ್ರವಾರ, ಭಾನುವಾರ ಕಾಡಿಗೆ ಬರುವ ವ್ಯಾಪಾರದ ಗಾಡಿಯನ್ನು ತಪ್ಪಿಸಬೇಡಿ. ಸೆಂಟರ್ ಕೇಳುವ ಕೆಂಪು ಎಲೆಕೋಸಿನ ಬೀಜ ಪಿಯರ್ ಹತ್ತಿರ ಸಿಗುವುದು ಎರಡನೇ ವರ್ಷದಿಂದ. ಅಲ್ಲಿಯವರೆಗೆ ಗಾಡಿಯೇ ಗತಿ, ಕಂಡ ದಿನವೇ ಕೊಳ್ಳಿ, ರೇಟು ನೋಡಬೇಡಿ. ಕೆಲವೊಮ್ಮೆ 2500ಕ್ಕೆ ಕಾಫಿ ಬೀಜವೂ ಬರುತ್ತದೆ. ರಿಪೇರಿಗೆ ಇದು ಬೇಕಿಲ್ಲ, ಆದರೂ ಮೂಡಿಗೆರೆಯವಳಾಗಿ ಬಿಡೋಕಾಗುತ್ತಾ? ನೆಟ್ಟ ಹತ್ತೇ ದಿನಕ್ಕೆ ಕೊಯ್ಲು, ಆಮೇಲೆ ಎರಡು ದಿನಕ್ಕೊಮ್ಮೆ! ನಮ್ಮ ತೋಟದಲ್ಲಿ ಗಿಡ ಫಸಲಿಗೆ ಬರಲು ಮೂರ್ನಾಲ್ಕು ವರ್ಷ. ಅಪ್ಪ ಸ್ಕ್ರೀನ್ ನೋಡಿ, “ಬೋರರ್ ಹುಳ ಹತ್ತಲ್ವೇನಮ್ಮ ಇದಕ್ಕೆ?” ಅಂದರು. ಇಲ್ಲ, ಕಾಗೆ ಕಾಟ ಮಾತ್ರ. ಒಂದು ಬೆರ್ಚಪ್ಪ ನಿಲ್ಲಿಸಿ, ಸಾಕು.

ವಾಲ್ಟ್ ಅನ್ನೋ ಕೋಣೆಗೆ ಬರೀ ದುಡ್ಡು, ಒಟ್ಟು 42,500. ಅದು ಕೊನೆಗಿರಲಿ. ಊರಿನ ಸೂಪರ್‌ಮಾರ್ಕೆಟ್ ಜೋಜಾ ಮಾರ್ಟ್‌ನವರು 5000ಕ್ಕೆ ಮೆಂಬರ್‌ಶಿಪ್ ಕೊಡುತ್ತಾರೆ. ಅದನ್ನು ತಗೊಂಡರೆ ಸೆಂಟರ್ ಅವರ ಗೋದಾಮು ಆಗಿಬಿಡುತ್ತದೆ. ನನಗಂತೂ ಮನಸ್ಸು ಬರಲಿಲ್ಲ.

ಇನ್ನೊಂದು ಮಾತು, ಕಂಪ್ಯೂಟರಿನಲ್ಲಿ ಆಡುವವರಿಗೆ. ಆಟದೊಳಗೆ ಮಲಗಿದಾಗ ಮಾತ್ರ ಸೇವ್ ಆಗುತ್ತದೆ. ನಮ್ಮ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ವಾ? ಯುಪಿಎಸ್ ಇಲ್ಲದಿದ್ದರೆ, ಹೊರಗೆ ಗಾಳಿ ಜೋರಾದ ಕೂಡಲೇ ಕೈಲಿದ್ದ ಗಾಳ ಬಿಟ್ಟು ಹೋಗಿ ಮಲಗಿ.