ಲೀಡ್ ಸಿಕ್ಕ ಮೇಲೆ ಪಂದ್ಯ ಮುಗಿಸುವ ತಂಡವನ್ನು ಗುರುತಿಸುವುದು ಹೇಗೆ?

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ನವೆಂಬರ್ ತಿಂಗಳಿಡೀ ದೊಡ್ಡ ತಂಡಗಳೆಲ್ಲ ಚಾಂಪಿಯನ್ನರಂತೆಯೇ ಕಾಣುತ್ತವೆ. ಇವತ್ತು ಮೂವತ್ತು ಅಂಕದ ಗೆಲುವು, ನಾಡಿದ್ದು ನಲವತ್ತರದ್ದು. ಆದರೆ ಆ ತಿಂಗಳು ಎದುರಿಗೆ ನಿಲ್ಲುವವರು ಹೆಚ್ಚಾಗಿ ಸಣ್ಣ ಕಾನ್ಫರೆನ್ಸ್‌ಗಳ (ಕಾಲೇಜುಗಳು ಸೇರಿ ಆಡುವ ಗುಂಪುಗಳ) ತಂಡಗಳು. ದೊಡ್ಡ ವಿಶ್ವವಿದ್ಯಾಲಯವೇ ಹಣ ಕೊಟ್ಟು ತನ್ನ ಅಂಕಣಕ್ಕೆ ಕರೆಸಿಕೊಂಡಿರುತ್ತದೆ. ಅಂಥ ಗೆಲುವುಗಳನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ನೋಡುವುದು ಬೇರೆ. ಹತ್ತು ಅಂಕ ಮುಂದಿದ್ದಾರೆ, ಎದುರಾಳಿ ಇನ್ನೂ ಕೈಚೆಲ್ಲಿಲ್ಲ, ಆಗ ಈ ಹುಡುಗರು ಹತ್ತನ್ನು ಇಪ್ಪತ್ತು ಮಾಡುತ್ತಾರೋ ಅಥವಾ ನಾಲ್ಕಕ್ಕೆ ಇಳಿಸಿಕೊಳ್ಳುತ್ತಾರೋ? ಇದನ್ನು ಪಂದ್ಯ ನಡೆಯುತ್ತಿರುವಾಗಲೇ ಪತ್ತೆ ಹಚ್ಚಬಹುದು. ಒಂದು ನೋಟ್‌ಬುಕ್, ಒಂದು ಪೆನ್ನು ಇದ್ದರೆ ಸಾಕು.

ಅಂತರಕ್ಕಿಂತ ಮೊದಲು ಸರದಿ ಎಣಿಸಿ

ಚೆಂಡು ಒಂದು ತಂಡದ ಕೈಗೆ ಬಂದು, ಮತ್ತೆ ಎದುರಾಳಿಗೆ ಹೋಗುವವರೆಗಿನದು ಒಂದು ಪೊಸೆಷನ್. ನಾನು ಅದನ್ನು ಸರದಿ ಎನ್ನುತ್ತೇನೆ. ಕ್ರಿಕೆಟ್‌ನಲ್ಲಿ ಎಷ್ಟು ಓವರ್‌ನಲ್ಲಿ ಹೊಡೆದದ್ದು ಎಂದು ಕೇಳದೆ ಯಾರೂ ರನ್ನಿನ ಬಗ್ಗೆ ಮಾತಾಡುವುದಿಲ್ಲವಲ್ಲ, ಇದೂ ಹಾಗೆಯೇ. 60 ಸರದಿಗಳ ನಿಧಾನದ ಪಂದ್ಯದಲ್ಲಿ 15 ಅಂಕದಿಂದ ಗೆದ್ದರೆ ಪ್ರತಿ ನೂರು ಸರದಿಗೆ 25 ಅಂಕದ ಮೇಲುಗೈ. ಅದೇ 15 ಅಂಕ 75 ಸರದಿಗಳ ಓಟದ ಪಂದ್ಯದಲ್ಲಿ ಬಂದರೆ ಮೇಲುಗೈ 20 ಮಾತ್ರ. ಕಾಲೇಜು ಬಾಸ್ಕೆಟ್‌ಬಾಲ್ ಅಂಕಿಅಂಶ ತಜ್ಞ ಕೆನ್ ಪೊಮೆರಾಯ್ ಅವರ ಪ್ರಸಿದ್ಧ ಶ್ರೇಯಾಂಕ ಪಟ್ಟಿ ನಿಂತಿರುವುದೂ ಇದೇ ತಳಹದಿಯ ಮೇಲೆ.

ಸ್ಕೋರ್‌ಕಾರ್ಡ್ ಕೈಯಲ್ಲಿದ್ದರೆ ಲೆಕ್ಕ ಸುಲಭ. ಒಟ್ಟು ಶಾಟ್ ಯತ್ನಗಳಿಂದ ತಮ್ಮದೇ ದಾಳಿಯಲ್ಲಿ ಹಿಡಿದ ರಿಬೌಂಡ್‌ಗಳನ್ನು (ತಪ್ಪಿದ ಶಾಟ್‌ನಿಂದ ಮರಳಿ ಸಿಕ್ಕ ಚೆಂಡು) ಕಳೆಯಿರಿ, ಟರ್ನೋವರ್‌ಗಳನ್ನು (ಶಾಟ್ ಎಸೆಯದೆಯೇ ಚೆಂಡು ಕಳೆದುಕೊಂಡದ್ದು) ಕೂಡಿಸಿ, ಫ್ರೀ ಥ್ರೋ (ಫೌಲಿಗೆ ಸಿಗುವ ತಡೆಯಿಲ್ಲದ ಶಾಟ್) ಯತ್ನಗಳನ್ನು 0.475ರಿಂದ ಗುಣಿಸಿ ಅದನ್ನೂ ಕೂಡಿಸಿ. 58 ಶಾಟ್, 10 ರಿಬೌಂಡ್, 12 ಟರ್ನೋವರ್, 20 ಫ್ರೀ ಥ್ರೋ ಆಗಿದ್ದರೆ 58 − 10 + 12 + 9.5, ಅಂದರೆ 69.5 ಸರದಿ.

ನಿಧಾನವಾಗಿ ಆಡುವ ತಂಡಕ್ಕೆ ಒಂದು ಅಪಾಯ ಇಲ್ಲೇ ಅಡಗಿದೆ. ಸರದಿಗಳು ಕಡಿಮೆಯಾದಷ್ಟೂ ಬಲಾಬಲದ ವ್ಯತ್ಯಾಸ ಬಯಲಿಗೆ ಬರಲು ಅವಕಾಶ ಕಡಿಮೆ. 2018ರ ಮಾರ್ಚ್‌ನಲ್ಲಿ, ಋತುವಿನ ಕೊನೆಗೆ ನಡೆಯುವ ರಾಷ್ಟ್ರೀಯ ನಾಕೌಟ್ ಟೂರ್ನಿಯಲ್ಲಿ, ಒಂದನೇ ಶ್ರೇಯಾಂಕದ ವರ್ಜೀನಿಯಾ ತನ್ನ ಎಂದಿನ ನಿಧಾನಗತಿಯಲ್ಲಿ ಆಡುತ್ತ, ಹದಿನಾರನೇ ಶ್ರೇಯಾಂಕದ ಯುಎಂಬಿಸಿ ಎದುರು ಅರ್ಧ ಸಮಯಕ್ಕೆ 21-21ರಲ್ಲಿ ನಿಂತಿತ್ತು. ಆಮೇಲೆ ಯುಎಂಬಿಸಿಯ ಶಾಟ್‌ಗಳು ಬೀಳತೊಡಗಿದವು. ಮುಗಿದಾಗ 74-54. ಪುರುಷರ ಟೂರ್ನಿಯಲ್ಲಿ ಹದಿನಾರನೆಯವರು ಒಂದನೆಯವರನ್ನು ಸೋಲಿಸಿದ್ದು ಅದೇ ಮೊದಲು. ಮರುವರ್ಷ ಅದೇ ವರ್ಜೀನಿಯಾ ಚಾಂಪಿಯನ್ ಆಯಿತು ಎನ್ನುವುದನ್ನೂ ಹೇಳಲೇಬೇಕು.

ಲೀಡ್ ಎಲ್ಲಿಂದ ಬಂತು ಎಂದು ಕೇಳಿ

ಹನ್ನೆರಡು ಅಂಕದ ಲೀಡ್ ಎರಡು ಬಗೆಯಲ್ಲಿ ಬರುತ್ತದೆ. ಒಂದು, ದೂರದಿಂದ ಎಸೆದ ಮೂರಂಕದ ಶಾಟ್‌ಗಳು ಸಾಲಾಗಿ ಬಿದ್ದದ್ದು. ಇನ್ನೊಂದು, ಎದುರಾಳಿಗೆ ಅಂಕವೇ ಸಿಗದಂತೆ ಕಟ್ಟಿಹಾಕಿದ್ದು. ಮೊದಲನೆಯದು ಬಂದ ದಾರಿಯಲ್ಲೇ ಹೋಗಬಹುದು. ಎರಡನೆಯದು ಉಳಿಯುತ್ತದೆ, ಏಕೆಂದರೆ ಕೈ ಕೆಟ್ಟ ದಿನವೂ ಕಾಲು ಓಡುತ್ತದೆ, ಡಿಫೆನ್ಸ್ ನಡೆಯುತ್ತದೆ.

ಹಾಗಾಗಿ ನೋಟ್‌ಬುಕ್ಕಿನ ಎಡಗಡೆ ಒಂದೇ ಒಂದು ಸಾಲು ಇಡಿ. ಎದುರಾಳಿಯ ಸರದಿ ಅಂಕವಿಲ್ಲದೆ ಮುಗಿದರೆ ಒಂದು ಗೀಟು, ಅಂಕ ಬಂದರೆ ಒಂದು ಸೊನ್ನೆ. ಸತತ ಮೂರು ಗೀಟು ಬಿದ್ದರೆ ಅದರ ಸುತ್ತ ವೃತ್ತ ಹಾಕಿ. ಕೆಲವು ತಂಡಗಳ ಬೆಂಚಿನಲ್ಲೂ ಇದನ್ನೇ ‘ಕಿಲ್’ ಎಂದು ಹೆಸರಿಟ್ಟು ಎಣಿಸುತ್ತಾರೆ. ವೃತ್ತಗಳು ಎಲ್ಲಿ ಬಿದ್ದಿವೆ ಎಂದು ನೋಡುವುದು ಅದಕ್ಕಿಂತ ಮುಖ್ಯ. ಪುರುಷರ ಪಂದ್ಯದಲ್ಲಿ ಇಪ್ಪತ್ತು ನಿಮಿಷದ ಪ್ರತಿ ಅರ್ಧದಲ್ಲೂ ಹಿಂದಕ್ಕೆ ಎಣಿಸುವ ಗಡಿಯಾರ 16, 12, 8, 4 ನಿಮಿಷ ದಾಟಿದ ಮೇಲೆ ಆಟ ಮೊದಲ ಸಲ ನಿಂತಾಗ ಟಿವಿಗಾಗಿ ಟೈಮ್‌ಔಟ್ ಬರುತ್ತದೆ. ಅಲ್ಲೆಲ್ಲ ಪುಟದಲ್ಲಿ ಅಡ್ಡಗೆರೆ ಎಳೆಯಿರಿ. ಲೀಡ್ ಎರಡಂಕಿಗೆ ಮುಟ್ಟಿದ ಮೇಲಿನ ಭಾಗದಲ್ಲಿ ವೃತ್ತಗಳು ಹೆಚ್ಚಾಗುತ್ತಿದ್ದರೆ ಆ ತಂಡಕ್ಕೆ ಮುಗಿಸುವುದು ಗೊತ್ತು. ಮೊದಲ ಎಂಟು ನಿಮಿಷದಲ್ಲಿ ವೃತ್ತಗಳ ಸುರಿಮಳೆಯಾಗಿ, ಆಮೇಲೆ ಗೀಟು ಸೊನ್ನೆ, ಗೀಟು ಸೊನ್ನೆ ಎಂದು ಸಾಗಿದರೆ ಆ ತಂಡ ಲೀಡಿನ ಮೇಲೆ ಕುಳಿತು ತಿನ್ನುತ್ತಿದೆ.

ಇದರ ಅತ್ಯುತ್ತಮ ಮಾದರಿ ಬೇಕೆಂದರೆ 2024ರ ಮಾರ್ಚ್ 30ರಂದು ಬಾಸ್ಟನ್‌ನಲ್ಲಿ ನಡೆದ ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ)-ಇಲಿನಾಯ್ ಟೂರ್ನಿ ಪಂದ್ಯ ಹುಡುಕಿ ನೋಡಿ. 23-23ರಲ್ಲಿ ಸಮ. ಅಲ್ಲಿಂದ ಯುಕಾನ್ ಸತತ 30 ಅಂಕ ಗಳಿಸಿತು, ಇಲಿನಾಯ್‌ಗೆ ಒಂದೂ ಇಲ್ಲ. ಮಧ್ಯೆ ಅರ್ಧ ಸಮಯದ ವಿರಾಮವೂ ಬಂತು. ವಿರಾಮ ಮುಗಿಸಿ ಬಂದ ಮೇಲೂ ಅದು ನಿಲ್ಲಲಿಲ್ಲ. ಏಳಡಿ ಎರಡಂಗುಲದ ಸೆಂಟರ್ ಡೊನೊವನ್ ಕ್ಲಿಂಗನ್ ಬುಟ್ಟಿಯ ಕೆಳಗೆ ಕೈಯೆತ್ತಿ ನಿಂತರೆ ಇಲಿನಾಯ್ ಹುಡುಗರು ಅವರ ಮೇಲೇ ನುಗ್ಗಿ ನುಗ್ಗಿ ಶಾಟ್ ಕಳೆದುಕೊಳ್ಳುತ್ತಿದ್ದರು. ಯುಕಾನ್ ಆ ಹೊತ್ತಿನಲ್ಲಿ ಮೂರಂಕದ ಶಾಟ್‌ಗಳನ್ನು ಮಳೆಗರೆಯಲಿಲ್ಲ ಎಂಬುದನ್ನು ಗಮನಿಸಿ. ಅವರ ದೂರದ ಶಾಟ್‌ಗಳು ಆ ದಿನ ಸರಿಯಾಗಿ ಬೀಳುತ್ತಲೇ ಇರಲಿಲ್ಲ. 77-52ರ ಗೆಲುವು ಬಂದದ್ದು ಡಿಫೆನ್ಸ್‌ನಿಂದ. 2023, 2024 ಎರಡೂ ವರ್ಷ ಕೋಚ್ ಡ್ಯಾನ್ ಹರ್ಲಿಯವರ ಈ ತಂಡ ಟೂರ್ನಿಯ ಆರಕ್ಕೆ ಆರೂ ಪಂದ್ಯಗಳನ್ನು ಎರಡಂಕಿ ಅಂತರದಲ್ಲಿ ಗೆದ್ದಿತು. ಎದುರಾಳಿಯನ್ನು ಮುಗಿಸುವುದು ಎಂದರೆ ಏನು ಎಂದು ನನ್ನನ್ನು ಯಾರಾದರೂ ಕೇಳಿದರೆ ಆ ಎರಡು ಮಾರ್ಚ್‌ಗಳನ್ನೇ ತೋರಿಸುತ್ತೇನೆ.

ಕೊನೆಯ ನಾಲ್ಕು ನಿಮಿಷ

ಇಲ್ಲಿ ಪೆನ್ನು ಕೆಳಗಿಟ್ಟು ಕಣ್ಣು ಬಿಟ್ಟು ನೋಡಿ. ಹಿಂದಿರುವ ತಂಡ ಈಗ ಒತ್ತಿ ಕಾಯುತ್ತದೆ, ಬೇಕೆಂದೇ ಫೌಲ್ ಮಾಡುತ್ತದೆ. ಮುಂದಿರುವ ತಂಡಕ್ಕೆ ಬೇಕಾದದ್ದು ಮೂರೇ: ಗೆರೆಯ ಹೊರಗಿನಿಂದ ಚೆಂಡನ್ನು ಸುರಕ್ಷಿತವಾಗಿ ಒಳಕ್ಕೆ ಕೊಡುವುದು, ಫ್ರೀ ಥ್ರೋ ಹಾಕುವುದು, ತಮ್ಮ ಬುಟ್ಟಿಯ ಕೆಳಗೆ ರಿಬೌಂಡ್ ಹಿಡಿಯುವುದು. ಮೂರೂ ಕಣ್ಣಿಗೆ ಹೊಡೆಯುವ ಆಟವಲ್ಲ.

2025ರ ಏಪ್ರಿಲ್ 5ರ ಸೆಮಿಫೈನಲ್‌ನಲ್ಲಿ, ಸ್ಯಾನ್ ಆಂಟೋನಿಯೊದಲ್ಲಿ, ಡ್ಯೂಕ್ ಈ ಮೂರರಲ್ಲೂ ಎಡವಿತು. ಎಂಟು ನಿಮಿಷ ಚಿಲ್ಲರೆ ಉಳಿದಿದ್ದಾಗ ಹೂಸ್ಟನ್ ಮೇಲೆ 14 ಅಂಕದ ಲೀಡ್. ಕೊನೆಯ ಹತ್ತು ನಿಮಿಷಗಳಲ್ಲಿ ಡ್ಯೂಕ್ ಆಟದ ನಡುವೆ ಬುಟ್ಟಿಗೆ ಹಾಕಿದ್ದು ಒಂದೇ ಶಾಟ್. ಆದರೂ 35 ಸೆಕೆಂಡ್ ಉಳಿದಾಗ 67-61, ಆರು ಅಂಕ ಮುಂದೆ. ಅಲ್ಲಿಂದ ನೋಡಿ. ಹೂಸ್ಟನ್‌ನಿಂದ ಒಂದು ಮೂರಂಕದ ಶಾಟ್. ಡ್ಯೂಕ್ ಚೆಂಡನ್ನು ಒಳಕ್ಕೆ ಕೊಡಲು ಹೋಗಿ ಕಳೆದುಕೊಂಡಿತು. ಹೂಸ್ಟನ್‌ನ ಮುಂದಿನ ಶಾಟ್ ತಪ್ಪಿತು, ಆದರೆ ರಿಬೌಂಡಿಗೆ ಡ್ಯೂಕ್‌ನವರು ಅಡ್ಡ ನಿಲ್ಲಲಿಲ್ಲ; ಜೋಸೆಫ್ ಟಗ್ಲರ್ ಅದನ್ನು ಹಿಡಿದು ಡಂಕ್ ಮಾಡಿದರು. ಅಂತರ ಒಂದು. ಡ್ಯೂಕ್‌ಗೆ ಫ್ರೀ ಥ್ರೋ ಸಿಕ್ಕಿತು, ಮೊದಲನೆಯದೇ ತಪ್ಪಿತು, ಹಾಗಾಗಿ ಎರಡನೆಯದು ಸಿಗಲೇ ಇಲ್ಲ. ಆ ರಿಬೌಂಡಿನ ಗುದ್ದಾಟದಲ್ಲಿ ಡ್ಯೂಕ್‌ನಿಂದ ಫೌಲ್. ಹೂಸ್ಟನ್‌ನ ಜೆ’ವಾನ್ ರಾಬರ್ಟ್ಸ್ ಎರಡೂ ಫ್ರೀ ಥ್ರೋ ಹಾಕಿದರು. 68-67. ಪಂದ್ಯ ಮುಗಿದಾಗ 70-67. ಅರ್ಧ ನಿಮಿಷದಲ್ಲಿ ಒಂಬತ್ತು ಅಂಕ ಹೂಸ್ಟನ್‌ಗೆ, ಸೊನ್ನೆ ಡ್ಯೂಕ್‌ಗೆ.

ಎರಡನೇ ಫ್ರೀ ಥ್ರೋ ಏಕೆ ಸಿಗಲಿಲ್ಲ ಎಂಬುದು ಹೊಸಬರಿಗೆ ಗೊಂದಲ. ಪುರುಷರ ಕಾಲೇಜು ಆಟದಲ್ಲಿ ಒಂದು ಅರ್ಧದಲ್ಲಿ ಎದುರಾಳಿ ತಂಡದ ಏಳನೇ ಫೌಲಿನಿಂದ ‘ಒನ್ ಆ್ಯಂಡ್ ಒನ್’ ಶುರು: ಮೊದಲನೆಯದು ಹಾಕಿದರೆ ಮಾತ್ರ ಎರಡನೆಯದು. ಹತ್ತನೇ ಫೌಲಿನಿಂದ ನೇರವಾಗಿ ಎರಡು. ನೂರಕ್ಕೆ ಎಪ್ಪತ್ತು ಹಾಕುವ ಆಟಗಾರನಿಗೆ ಎರಡು ಫ್ರೀ ಥ್ರೋ ಸಿಕ್ಕರೆ ಸರಾಸರಿ 1.4 ಅಂಕ, ಒನ್ ಆ್ಯಂಡ್ ಒನ್‌ನಲ್ಲಿ 0.7 ಮತ್ತು 0.49 ಸೇರಿ 1.19 ಅಷ್ಟೇ. ಆದ್ದರಿಂದ ತಂಡದ ಒಟ್ಟು ಫ್ರೀ ಥ್ರೋ ಶೇಕಡಾವಾರು ನೋಡಿ ಸುಮ್ಮನಾಗಬೇಡಿ. ಕೊನೆಯಲ್ಲಿ ಚೆಂಡು ಯಾರ ಕೈಯಲ್ಲಿರುತ್ತದೆ, ಅವರ ಶೇಕಡಾವಾರು ಎಷ್ಟು ಎಂದು ನೋಡಿ. 2008ರ ಫೈನಲ್‌ನಲ್ಲಿ ಮೆಂಫಿಸ್ 2 ನಿಮಿಷ 12 ಸೆಕೆಂಡ್ ಉಳಿದಾಗ ಒಂಬತ್ತು ಅಂಕ ಮುಂದಿತ್ತು. ಫ್ರೀ ಥ್ರೋಗಳು ತಪ್ಪುತ್ತ ಹೋದವು, ಕ್ಯಾನ್ಸಸ್‌ನ ಮಾರಿಯೊ ಚಾಮರ್ಸ್ 2.1 ಸೆಕೆಂಡ್ ಇರುವಾಗ ಮೂರಂಕದ ಶಾಟ್ ಹಾಕಿ ಸಮ ಮಾಡಿದರು, ಹೆಚ್ಚುವರಿ ಸಮಯದಲ್ಲಿ ಕ್ಯಾನ್ಸಸ್ 75-68ರಿಂದ ಗೆದ್ದಿತು.

ಲೀಡ್ ಭದ್ರವೇ? ಒಂದು ಲೆಕ್ಕ

ಬೇಸ್‌ಬಾಲ್ ಅಂಕಿಅಂಶಗಳ ಪಂಡಿತ ಬಿಲ್ ಜೇಮ್ಸ್ ಇದಕ್ಕೊಂದು ಸೂತ್ರ ಕೊಟ್ಟಿದ್ದಾರೆ. ಲೀಡಿನಿಂದ 3 ಕಳೆಯಿರಿ. ಮುಂದಿರುವ ತಂಡದ ಕೈಯಲ್ಲಿ ಚೆಂಡಿದ್ದರೆ ಅರ್ಧ ಕೂಡಿಸಿ, ಇಲ್ಲದಿದ್ದರೆ ಅರ್ಧ ಕಳೆಯಿರಿ. ಬಂದದ್ದರ ವರ್ಗ ಉಳಿದಿರುವ ಸೆಕೆಂಡುಗಳಿಗಿಂತ ಹೆಚ್ಚಿದ್ದರೆ ಲೀಡ್ ಭದ್ರ. ಮೆಂಫಿಸ್‌ಗೆ ಹಾಕಿ ನೋಡಿ: 9 − 3 = 6, ಚೆಂಡು ಇದ್ದರೂ 6.5ರ ವರ್ಗ ಸುಮಾರು 42. ಉಳಿದಿದ್ದದ್ದು 132 ಸೆಕೆಂಡ್. ಭದ್ರತೆ ಹತ್ತಿರದಲ್ಲೂ ಇರಲಿಲ್ಲ. ಡ್ಯೂಕ್‌ಗೆ ಗರಿಷ್ಠ 12, ಉಳಿದಿದ್ದದ್ದು 35.

ಸೂತ್ರಕ್ಕೂ ಮಿತಿಯಿದೆ. 2016ರ ಟೂರ್ನಿಯಲ್ಲಿ ನಾರ್ದರ್ನ್ ಅಯೋವಾ 44 ಸೆಕೆಂಡ್ ಉಳಿದಾಗ ಟೆಕ್ಸಸ್ ಎ ಆ್ಯಂಡ್ ಎಂ ಮೇಲೆ 69-57ರ ಲೀಡ್ ಹೊಂದಿತ್ತು. ಚೆಂಡು ಕೈಯಲ್ಲಿಲ್ಲವೆಂದರೂ 8.5ರ ವರ್ಗ 72. ಪೂರ್ತಿ ಭದ್ರ. ಆದರೆ ಒತ್ತಡದಲ್ಲಿ ಅವರಿಗೆ ಚೆಂಡನ್ನು ಒಳಕ್ಕೆ ಕೊಡಲಾಗಲಿಲ್ಲ, ಮತ್ತೆ ಮತ್ತೆ ಕಳೆದುಕೊಂಡರು. 71-71ರಲ್ಲಿ ಸಮ, ಎರಡು ಹೆಚ್ಚುವರಿ ಅವಧಿಗಳ ನಂತರ 92-88ರ ಸೋಲು. ಇನ್‌ಬೌಂಡ್ ಪಾಸ್ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ. ಯಾರು ಚೆಂಡು ಕೊಡುತ್ತಾರೆ, ಅವರು ಎತ್ತರದವರೇ, ಸ್ವೀಕರಿಸಲು ಚೆಂಡು ಚೆನ್ನಾಗಿ ಆಡಿಸುವ ಇಬ್ಬರಾದರೂ ಇದ್ದಾರೆಯೇ, ಚೆಂಡು ಒಳಕ್ಕೆ ಕೊಡಲು ಇರುವ ಐದು ಸೆಕೆಂಡ್ ಮುಗಿಯುವ ಮೊದಲು ಟೈಮ್‌ಔಟ್ ಕೇಳಲು ಒಂದಾದರೂ ಉಳಿದಿದೆಯೇ, ಇಷ್ಟನ್ನು ನೋಡಿ.

ಆಟ ಬದಲಾಯಿತೇ?

ಲೀಡ್ ಬಂದೊಡನೆ ಗಡಿಯಾರ ಓಡಿಸಲು ಹೊರಡುವ ತಂಡಗಳ ಬಗ್ಗೆ ನನಗೆ ಭರವಸೆ ಕಡಿಮೆ. ಶಾಟ್ ಕ್ಲಾಕ್ (ಇಷ್ಟು ಸಮಯದೊಳಗೆ ಶಾಟ್ ಎಸೆಯಲೇಬೇಕೆಂಬ ಮಿತಿ) ಇಲ್ಲದ ಕಾಲದಲ್ಲಿ ಚೆಂಡನ್ನು ಹಿಡಿದೇ ಕೂರಬಹುದಿತ್ತು. 2015-16ರಿಂದ ಪುರುಷರಿಗೆ 30 ಸೆಕೆಂಡಿನ ಮಿತಿ. ಇಪ್ಪತ್ತು ಸೆಕೆಂಡ್ ಸುಮ್ಮನೆ ಪುಟಿಸಿ, ಉಳಿದ ಹತ್ತರಲ್ಲಿ ಅವಸರದ ಶಾಟ್ ಎಸೆದರೆ ಗಡಿಯಾರ ಮಾತ್ರ ಓಡುತ್ತದೆ, ಅಂಕ ಬರುವುದಿಲ್ಲ. ಮೊದಲಾರ್ಧದಲ್ಲಿ ಯಾವ ಶಾಟ್‌ಗಳಿಂದ ಲೀಡ್ ಬಂತೋ ಅವೇ ಶಾಟ್‌ಗಳನ್ನು ಕೊನೆಯಲ್ಲೂ ಹುಡುಕುತ್ತಿದ್ದಾರೆಯೇ ಎಂದು ಗಮನಿಸಿ.

ಬೆಂಚಿನ ವಿಷಯ ಬೇಗ ಹೇಳಿಬಿಡಬಹುದು. ಐದು ಫೌಲಿಗೆ ಆಟಗಾರ ಹೊರಗೆ. ನಾಲ್ಕು ಫೌಲಾದ ಸೆಂಟರ್ ಕೈ ಹಿಂದೆಳೆದುಕೊಳ್ಳುತ್ತಾನೆ. ಅವನ ಬದಲಿಗೆ ಬರುವವನು ರಿಬೌಂಡ್ ಹಿಡಿಯಬಲ್ಲನೇ ಎಂಬುದೊಂದೇ ಪ್ರಶ್ನೆ.

ಮಹಿಳೆಯರ ಪಂದ್ಯವಾದರೆ ಲೆಕ್ಕ ಕೊಂಚ ಬೇರೆ. ಅಲ್ಲಿ ಹತ್ತು ನಿಮಿಷದ ನಾಲ್ಕು ಕ್ವಾರ್ಟರ್‌ಗಳು, ಒನ್ ಆ್ಯಂಡ್ ಒನ್ ಇಲ್ಲ. ಕ್ವಾರ್ಟರ್‌ನ ಐದನೇ ಫೌಲಿನಿಂದ ಎರಡು ಫ್ರೀ ಥ್ರೋ. ಅಂದರೆ ಬೇಕೆಂದೇ ಫೌಲ್ ಮಾಡಿ ಬೆನ್ನಟ್ಟುವುದು ಹೆಚ್ಚು ದುಬಾರಿ, ಲೀಡ್ ಸ್ವಲ್ಪ ಹೆಚ್ಚು ಭದ್ರ. ಆದರೆ ಹಳೆಯ ಗೆಲುವಿನ ಅಂತರವನ್ನು ನಂಬಿ ಕೂರಬೇಡಿ. 2016ರ ಟೂರ್ನಿಯಲ್ಲಿ ಯುಕಾನ್ ಮಹಿಳೆಯರು ಮಿಸಿಸಿಪಿ ಸ್ಟೇಟ್ ತಂಡವನ್ನು 98-38ರಿಂದ ಸೋಲಿಸಿದ್ದರು. ಮರುವರ್ಷ, ಸತತ 111 ಗೆಲುವುಗಳೊಡನೆ ಬಂದ ಅದೇ ಯುಕಾನನ್ನು ಅದೇ ಮಿಸಿಸಿಪಿ ಸ್ಟೇಟ್ ಹೆಚ್ಚುವರಿ ಸಮಯದ ಕೊನೆಯ ಕ್ಷಣದಲ್ಲಿ ಮೋರ್ಗನ್ ವಿಲಿಯಂ ಹಾಕಿದ ಶಾಟ್‌ನಿಂದ 66-64ಕ್ಕೆ ಸೋಲಿಸಿತು.

ಎಲ್ಲ ಪಂದ್ಯ ನೋಡಲು ಪುರುಸೊತ್ತಿಲ್ಲದವರು ಫೆಬ್ರವರಿಯಲ್ಲಿ ತಮ್ಮ ತಂಡ ಪರ ಊರಿನಲ್ಲಿ ಆಡುವ ಕಾನ್ಫರೆನ್ಸ್ ಪಂದ್ಯಗಳನ್ನು ಆರಿಸಿಕೊಳ್ಳಿ. ಪುರುಷರದಾದರೆ ದ್ವಿತೀಯಾರ್ಧದ ಎಂಟು ನಿಮಿಷದ ಟೈಮ್‌ಔಟ್‌ನಿಂದ ನೋಡಿದರೂ ಸಾಕು. ಆ ಟೈಮ್‌ಔಟಿನ ಜಾಹೀರಾತು ಮುಗಿಯುವುದರೊಳಗೆ ನಾಲ್ಕು ವಿಷಯ ಬರೆದುಕೊಳ್ಳಿ: ಎರಡೂ ತಂಡಗಳ ಫೌಲ್ ಎಷ್ಟಾಗಿದೆ, ಯಾರಿಗೆ ನಾಲ್ಕಾಗಿದೆ, ಟೈಮ್‌ಔಟ್ ಎಷ್ಟು ಉಳಿದಿದೆ, ಚೆಂಡು ಒಳಕ್ಕೆ ಕೊಡಲು ನಿಲ್ಲುವವರು ಯಾರು. ಆಮೇಲೆ ಗೀಟು, ಸೊನ್ನೆ ಹಾಕುತ್ತ ಹೋಗಿ.