ಊಟ ಆಯ್ತಾ ಅಂದ್ರೆ ಸುಳ್ಳು ಹೇಳಬೇಡಿ

ಇಂಗ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಮೂರು ವಿಷಯ. ಬಾಡಿಗೆ ಮನೆ ಎಲ್ಲಿ ಸಿಗುತ್ತೆ, ಸೋನಾ ಮಸೂರಿ ಎಲ್ಲಿ ಸಿಗುತ್ತೆ, ಮಕ್ಕಳಿಗೆ ಯಾವ ಸ್ಕೂಲು ಒಳ್ಳೇದು. ಇದನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬ್ಯಾಂಕ್ ಖಾತೆ, ನ್ಯಾಷನಲ್ ಇನ್ಶೂರೆನ್ಸ್ ನಂಬರು, ಜಿಪಿ ಅಂದರೆ ಇಲ್ಲಿನ ಕುಟುಂಬ ವೈದ್ಯರ ಹತ್ತಿರ ಹೆಸರು ಬರೆಸೋದು, ಇವನ್ನು ಬಂದ ಮೊದಲ ವಾರಗಳಲ್ಲೇ ಮುಗಿಸಿಬಿಡಿ. ನಾನು ಬರೆಯುತ್ತಿರುವುದು ಬೇರೆ ವಿಷಯ. ಕೈಯಲ್ಲಿ ದುಡ್ಡು ಖಾಲಿಯಾಗಿ, ಡಬ್ಬದಲ್ಲಿ ಅಕ್ಕಿ ತಳ ಕಾಣುವಾಗ ಏನು ಮಾಡಬೇಕು ಅನ್ನೋದು. ಇದನ್ನು ನಾನು ತಪ್ಪು ಮಾಡಿಯೇ ಕಲಿತೆ.

2012ರ ಚಳಿಗಾಲ. ನಾವಿದ್ದದ್ದು ಕವೆಂಟ್ರಿಯಲ್ಲಿ. ನನ್ನ ಗಂಡ ಕೆಲಸಕ್ಕಿದ್ದ ಸಣ್ಣ ಕಂಪನಿ ಬಾಗಿಲು ಹಾಕಿತು. ಕೊನೆಯ ತಿಂಗಳ ಸಂಬಳ ಬರಲೇ ಇಲ್ಲ. ವೀಸಾ ಆ ಕೆಲಸಕ್ಕೇ ಅಂಟಿಕೊಂಡಿತ್ತು, ಬೇಗ ಇನ್ನೊಂದು ಸ್ಪಾನ್ಸರ್, ಅಂದರೆ ವೀಸಾ ಕೊಡಿಸುವ ಕಂಪನಿ, ಹುಡುಕಬೇಕು, ಇಲ್ಲ ಊರಿಗೆ ಹೊರಡಬೇಕು. ಮಗಳಿಗೆ ಮೂರು ವರ್ಷ. ಕೂಡಿಟ್ಟಿದ್ದೆಲ್ಲ ಬಾಡಿಗೆಗೆ, ಹೀಟಿಂಗಿಗೆ ಕರಗಿಹೋಯಿತು.

ಅಮ್ಮ ಪ್ರತಿ ಭಾನುವಾರ ತುಮಕೂರಿನಿಂದ ಫೋನ್ ಮಾಡುತ್ತಿದ್ದಳು. ಮೊದಲ ಮಾತು ಯಾವಾಗಲೂ ಒಂದೇ. ಊಟ ಆಯ್ತಾ? "ಆಯ್ತಮ್ಮ, ಮುದ್ದೆ, ಸೊಪ್ಪಿನ ಸಾರು" ಅನ್ನುತ್ತಿದ್ದೆ. ಮನೆಯಲ್ಲಿ ರಾಗಿ ಹಿಟ್ಟು ಮುಗಿದು ಎಷ್ಟೋ ದಿನ ಆಗಿತ್ತು. ಮಗಳು ಬಿಟ್ಟ ಬ್ರೆಡ್ಡಿನ ಅಂಚು ತಿಂದು, ಮೇಲೆ ಟೀ ಕುಡಿದು ಮಲಗಿದ ರಾತ್ರಿಗಳಿವೆ. ಪರದೇಶದಲ್ಲಿ ಊಟ ಆಯ್ತಾ ಅಂತ ಕೇಳುವವರು ಯಾರೂ ಇಲ್ಲ ಅಂತ ನಾವೆಲ್ಲ ಕೊರಗುತ್ತೇವೆ, ಅಲ್ವಾ? ಕೇಳಿದ ಒಬ್ಬಳಿಗೂ ನಾನು ಸುಳ್ಳು ಹೇಳಿದೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದೇ ತಿಂಗಳು ಪರಿಚಯದ ಕನ್ನಡದ ಕುಟುಂಬವೊಂದು ನಮ್ಮ ಮನೆಗೆ ಬರುತ್ತೇವೆ ಅಂದಿತು. ಬೇಡ ಅನ್ನಲು ಬಾಯಿ ಬರಲಿಲ್ಲ. ಉಳಿದಿದ್ದ ತೊಗರಿಬೇಳೆಯನ್ನೆಲ್ಲ ಹಾಕಿ ಬಿಸಿಬೇಳೆ ಬಾತ್ ಮಾಡಿದೆ. ಮೇಲೆ ತುಪ್ಪ, ಹುರಿದ ಗೋಡಂಬಿ. ಅವರು ಎರಡೆರಡು ಸಲ ಬಡಿಸಿಕೊಂಡರು, ನನಗೆ ಖುಷಿಯೇ ಆಯಿತು. ಆಮೇಲೆ ನಾಲ್ಕು ದಿನ ಬರೀ ಅನ್ನ, ಉಪ್ಪಿನಕಾಯಿ. ಆ ಮನೆಯಾಕೆ ತುಂಬಾ ಒಳ್ಳೆಯವಳು. ಒಂದು ಮಾತು ಹೇಳಿದ್ದರೆ ಮಾರನೇ ದಿನವೇ ಚೀಲ ತುಂಬಿಸಿಕೊಂಡು ಬರುತ್ತಿದ್ದಳು. ಮರ್ಯಾದೆ ಅನ್ನುವ ಒಂದು ಮಾತಿಗೆ ನನ್ನ ಮಗುವಿನ ತಟ್ಟೆಯಿಂದ ಕಿತ್ತು ಬಡಿಸಿದ ಹಾಗಾಯಿತು. ಇವತ್ತಿಗೂ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಚಿಕ್ಕ ಮಕ್ಕಳಿರುವ ಮನೆಗೆ ಇಲ್ಲಿ ಹೆಲ್ತ್ ವಿಸಿಟರ್ ಅಂತ ಒಬ್ಬ ನರ್ಸ್ ಬರುತ್ತಾರೆ. ಆಕೆ ಮಗಳ ತೂಕ ನೋಡಿ, ನನ್ನ ಮುಖ ನೋಡಿ, ಮನೆಯಲ್ಲಿ ಊಟಕ್ಕೆ ಇದೆಯಾ ಅಂತ ಕೇಳಿದರು. ಇದೆ ಅಂದೆ. ಎಲ್ಲರನ್ನೂ ಕೇಳುತ್ತೇನೆ, ಬೇಜಾರಾಗಬೇಡ ಅಂತ ಹೇಳಿ, ಹೋಗುವಾಗ ಟೀ ಕಪ್ಪಿನ ಕೆಳಗೆ ಒಂದು ಚೀಟಿ ಇಟ್ಟು ಹೋದರು. ಫುಡ್ ಬ್ಯಾಂಕಿನ ವೋಚರ್. ಫುಡ್ ಬ್ಯಾಂಕ್ ಅಂದರೆ ಜನ ದಾನ ಕೊಟ್ಟ ಊಟದ ಸಾಮಾನನ್ನು ಕಷ್ಟದಲ್ಲಿರುವವರಿಗೆ ಉಚಿತವಾಗಿ ಕೊಡುವ ಜಾಗ. ಒಂಬತ್ತು ದಿನ ಅದು ಡ್ರಾಯರಿನಲ್ಲೇ ಇತ್ತು.

ಯಾಕೆ ಅಂದರೆ ನನಗೆ ಹೆದರಿಕೆ. ನಮ್ಮ ವೀಸಾ ಕಾರ್ಡಿನ ಮೇಲೆ ಸರ್ಕಾರಿ ನೆರವು ಪಡೆಯುವಂತಿಲ್ಲ ಅಂತ ಅಚ್ಚು ಹಾಕಿತ್ತು. ಫುಡ್ ಬ್ಯಾಂಕಿಗೆ ಹೋದರೆ ವೀಸಾ ಹೋಗುತ್ತೆ ಅಂದುಕೊಂಡೆ. ಇದು ಪೂರ್ತಿ ತಪ್ಪು, ದಯವಿಟ್ಟು ನೆನಪಿಟ್ಟುಕೊಳ್ಳಿ. ಆ ಷರತ್ತಿನಲ್ಲಿ ಬರುವ 'ಪಬ್ಲಿಕ್ ಫಂಡ್ಸ್' ಅಂದರೆ ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ಹೌಸಿಂಗ್ ಬೆನಿಫಿಟ್ ಇಂಥ ಸರ್ಕಾರಿ ಭತ್ಯೆಗಳು. ಅವುಗಳ ತಂಟೆಗೆ ಹೋಗಬೇಡಿ. ಫುಡ್ ಬ್ಯಾಂಕ್ ಅದರಲ್ಲಿ ಬರುವುದಿಲ್ಲ. ಅದು ಜನ ಜನರಿಗೆ ಕೊಡುವ ಅನ್ನ. ಅಲ್ಲಿಂದ ಊಟದ ಸಾಮಾನು ತಂದರೆ ವೀಸಾಕ್ಕೆ ಏನೂ ಆಗುವುದಿಲ್ಲ.

ಹತ್ತನೇ ದಿನ ಹೋದೆ. ಒಂದು ಚರ್ಚಿನ ಹಾಲು. ಸಾಲಿನಲ್ಲಿ ನಿಲ್ಲಿಸುತ್ತಾರೆ, ಪ್ರಶ್ನೆ ಕೇಳುತ್ತಾರೆ ಅಂತ ಏನೇನೋ ಕಲ್ಪಿಸಿಕೊಂಡಿದ್ದೆ. ಒಬ್ಬ ಅಜ್ಜಿ ಬಂದು ಕುರ್ಚಿ ಎಳೆದು ಕೂರಿಸಿದರು. ಟೀ ತಂದರು, ಮಗಳಿಗೆ ಬಿಸ್ಕತ್ತು. ನಾವು ಮಾಂಸ ತಿನ್ನುವುದಿಲ್ಲ ಅಂತ ಹೇಳಲು ನನಗೆ ಇನ್ನೂ ನಾಚಿಕೆ. ಬೇಡಿ ತಿನ್ನುವವಳಿಗೆ ಇದು ಬೇರೆ ಕೇಡು ಅಂದುಕೊಳ್ಳುತ್ತಾರೇನೋ ಅಂತ. ಆದರೆ ಅವರೇ ಕೇಳಿದರು, ಫಾರಂನಲ್ಲೇ ಅದಕ್ಕೆ ಜಾಗ ಇತ್ತು. ಕಟ್ಟಿಟ್ಟಿದ್ದ ಚೀಲ ಬಿಚ್ಚಿ ಟ್ಯೂನಾ ಮೀನಿನ ಟಿನ್ನುಗಳನ್ನು ಒಂದೊಂದಾಗಿ ಹೊರಗಿಟ್ಟು, ಆ ಜಾಗದಲ್ಲಿ ಕಡಲೆಕಾಳಿನ ಟಿನ್ನು ಇಟ್ಟರು. ಪ್ರತಿ ಟಿನ್ನಿನ ತಲೆಯ ಮೇಲೂ ಕಪ್ಪು ಮಾರ್ಕರ್‌ನಲ್ಲಿ ತಿಂಗಳು, ವರ್ಷ ಬರೆದಿತ್ತು, ಮುಗಿಯುವ ದಿನಾಂಕ ಗೊತ್ತಾಗಲಿ ಅಂತ. ನಾನು ಅಳುತ್ತಿದ್ದೆ. ಆಕೆ ಏನೂ ಆಗಿಲ್ಲ ಅನ್ನುವ ಹಾಗೆ ಟಿನ್ನು ಜೋಡಿಸುತ್ತಾ, ತಾವು ಚಿಕ್ಕವರಿದ್ದಾಗ ಅಮ್ಮನ ಜೊತೆ ರೇಷನ್ ಪುಸ್ತಕ ಹಿಡಿದು ನಿಂತಿದ್ದನ್ನು ಹೇಳಿದರು. ಯುದ್ಧ ಮುಗಿದ ಮೇಲೂ, 1954ರವರೆಗೆ ಈ ದೇಶದಲ್ಲಿ ರೇಷನ್ ಇತ್ತು. ಎಲ್ಲರಿಗೂ ಒಂದೊಂದು ಕಾಲ ಬರುತ್ತೆ ಮಗಳೇ ಅನ್ನುವ ಅರ್ಥದ ಮಾತಾಡಿದರು.

ಮನೆಗೆ ಬಂದು ನೋಡಿದರೆ ಟಿನ್ ಓಪನರ್ ಇಲ್ಲ. ಊರಿಂದ ಕುಕ್ಕರ್, ಲಟ್ಟಣಿಗೆ, ಈಳಿಗೆಮಣೆ ತಂದಿದ್ದೆ, ಅದೊಂದು ಬಿಟ್ಟು. ಪಕ್ಕದ ಮನೆಯ ಮುದುಕರ ಬಾಗಿಲು ತಟ್ಟಿದೆ. ಎರಡು ವರ್ಷದಲ್ಲಿ ಅವರ ಜೊತೆ ಹವಾಮಾನ ಬಿಟ್ಟು ಬೇರೆ ಮಾತಾಡಿರಲಿಲ್ಲ. ಕೆಂಪು ಹಿಡಿಯ ಹಳೇ ಓಪನರ್ ತಂದು ಕೊಟ್ಟು, ಇಟ್ಟುಕೋ, ನನ್ನ ಹತ್ತಿರ ಇನ್ನೊಂದಿದೆ ಅಂದರು. ಸಂಜೆ ನಾನು ಮಾಡಿದ ಉಸಲಿಯಲ್ಲಿ ಒಂದು ಬಟ್ಟಲು ಕೊಟ್ಟು ಬಂದೆ.

ಆ ಚೀಲದ ಸಾಮಾನಲ್ಲಿ ನಮ್ಮ ಅಡುಗೆ ಹೇಗೆ ಮಾಡೋದು ಅಂತ ಕೇಳುತ್ತೀರಿ. ಕಡಲೆಕಾಳು ಬೆಂದೇ ಇರುತ್ತೆ, ನೀರು ಬಸಿದು ಒಗ್ಗರಣೆ ಹಾಕಿದರೆ ಉಸಲಿ. ಬೇಕ್ಡ್ ಬೀನ್ಸ್ ಸಿಹಿ ಅನ್ನಿಸುತ್ತೆ. ಸಾಸಿವೆ, ಈರುಳ್ಳಿ, ಹಸಿಮೆಣಸು, ಶುಂಠಿ ಜಾಸ್ತಿ ಹಾಕಿ, ಬ್ರೆಡ್ಡಿನ ಜೊತೆ ಚೆನ್ನಾಗಿರುತ್ತೆ. ಟಿನ್ ಟೊಮೆಟೊದಲ್ಲಿ ಸಾರು ಒಳ್ಳೇದಾಗುತ್ತೆ. ಟಿನ್ ಆಲೂಗಡ್ಡೆ ಪಲ್ಯಕ್ಕೆ ಸರಿ. ಪಾಸ್ತಾವನ್ನು ಶಾವಿಗೆ ಉಪ್ಪಿಟ್ಟಿನ ಹಾಗೆ ಮಾಡಬಹುದು. ರೈಸ್ ಪುಡಿಂಗ್ ಅಂತ ಒಂದು ಟಿನ್ನು ಬಂದಿತ್ತು, ಹಾಲಲ್ಲಿ ಬೆಂದ ಸಿಹಿ ಅನ್ನ. ಅದಕ್ಕೆ ಏಲಕ್ಕಿ ಪುಡಿ ಹಾಕಿ ಬಿಸಿ ಮಾಡಿದೆ. ಮಗಳು ಪಾಯಸ ಪಾಯಸ ಅಂತ ಕುಣಿದಳು.

ಈಗ ಎಲ್ಲಿ ಹೋಗಬೇಕು ಅನ್ನೋದು. ಫುಡ್ ಬ್ಯಾಂಕುಗಳ ದೊಡ್ಡ ಜಾಲ ಟ್ರಸೆಲ್ ಅನ್ನುವ ಸೇವಾ ಸಂಸ್ಥೆಯದ್ದು. ಅವರ ಮೊದಲ ಫುಡ್ ಬ್ಯಾಂಕ್ ಸಾಲ್ಸ್‌ಬರಿ ಊರಿನಲ್ಲಿ 2000ದಲ್ಲಿ ಶುರುವಾಗಿದ್ದು. ನಮ್ಮ ಬೆಂಗಳೂರಿನಲ್ಲಿ ಅಕ್ಷಯ ಪಾತ್ರೆಯವರು ಸ್ಕೂಲು ಮಕ್ಕಳಿಗೆ ಬಿಸಿಯೂಟ ಶುರು ಮಾಡಿದ್ದೂ ಅದೇ ವರ್ಷ. 2023-24ರ ಒಂದೇ ವರ್ಷದಲ್ಲಿ ಟ್ರಸೆಲ್ ಜಾಲದಿಂದ 31 ಲಕ್ಷಕ್ಕೂ ಹೆಚ್ಚು ಊಟದ ಸಾಮಾನಿನ ಚೀಲ ಹೋಗಿವೆ. ನೀವೊಬ್ಬರೇ ಅಲ್ಲ ಅಂತ ತಿಳಿಯಲಿ ಅಂತ ಈ ಲೆಕ್ಕ ಹೇಳಿದೆ. ಸಾಮಾನ್ಯವಾಗಿ ವೋಚರ್ ಬೇಕು. ಜಿಪಿ, ಸ್ಕೂಲು, ಹೆಲ್ತ್ ವಿಸಿಟರ್, ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯವರು ಕೊಡಿಸುತ್ತಾರೆ. ವೋಚರ್ ಇಲ್ಲದೆ ಕೊಡುವ ಬೇರೆ ಫುಡ್ ಬ್ಯಾಂಕುಗಳೂ ಇವೆ. ಒಲೆ ಇಲ್ಲ, ಕೆಟಲ್ ಮಾತ್ರ ಇದೆ ಅಂದರೆ ಅದಕ್ಕೆ ತಕ್ಕ ಸಾಮಾನು ಕೇಳಬಹುದು. ವಿದ್ಯಾರ್ಥಿಗಳು ಕಷ್ಟದಲ್ಲಿರುವವರಿಗೆ ಯೂನಿವರ್ಸಿಟಿ ಕೊಡುವ ಹಾರ್ಡ್‌ಶಿಪ್ ಫಂಡ್ ಬಗ್ಗೆಯೂ ವಿಚಾರಿಸಿ. ಏಜೆಂಟನಿಗೆ ಲಕ್ಷಗಟ್ಟಲೆ ಕೊಟ್ಟು ವಯಸ್ಸಾದವರು, ಕಾಯಿಲೆಯವರನ್ನು ನೋಡಿಕೊಳ್ಳುವ ಕೇರ್ ಕೆಲಸಕ್ಕೆ ಬಂದು, ಇಲ್ಲಿ ಕೆಲಸವೇ ಸಿಗದೆ ಕೂತವರು ಎಷ್ಟೋ ಜನ. ಅವರು ಮೊದಲು ಹೋಗಬೇಕು. ಇಂಗ್ಲೆಂಡಿನ ಸರ್ಕಾರಿ ಸ್ಕೂಲುಗಳಲ್ಲಿ ರಿಸೆಪ್ಷನ್ (ಒಂದನೇ ಕ್ಲಾಸಿಗಿಂತ ಮುಂಚಿನ ವರ್ಷ), ಒಂದು, ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ 2014ರಿಂದ ಮಧ್ಯಾಹ್ನದ ಊಟ ಉಚಿತ, ಬಿಡಬೇಡಿ. ಇನ್ನು ಗುರುದ್ವಾರ. ಚೀಟಿ ಇಲ್ಲ, ಹೆಸರು ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಪಂಕ್ತಿಯಲ್ಲಿ ಕೂತರೆ ರೊಟ್ಟಿ, ದಾಲ್ ಬಂದೇ ಬರುತ್ತೆ. ಊಟ ಆದ ಮೇಲೆ ಪಾತ್ರೆ ತೊಳೆಯಲು ಕೈ ಹಾಕಿ.

ಅಪ್ಪನ ವಿಷಯ ಹೇಳಬೇಕು. ನಮ್ಮಪ್ಪ ಓದಿದ್ದು ಸಿದ್ಧಗಂಗಾ ಮಠದಲ್ಲಿ. ಹಳ್ಳಿಯ ಬಡ ಹುಡುಗ, ಮಠದ ಮುದ್ದೆ ಸಾರು ತಿಂದೇ ಮೇಷ್ಟರಾದವರು. ಆಮೇಲೆ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ರಾಗಿ ಮೂಟೆ ಮಠಕ್ಕೆ ತಪ್ಪದೆ ಕೊಟ್ಟು ಬರುತ್ತಿದ್ದರು. ಆ ಮೂಟೆಯ ಮೇಲೆ ಕೂತು ಗಾಡಿಯಲ್ಲಿ ಹೋದವಳು ನಾನು. ದಾಸೋಹದ ಅನ್ನ ತಿಂದವನ ಮಗಳಾಗಿ, ಅನ್ನ ಇಸ್ಕೊಳ್ಳಲು ಒಂಬತ್ತು ದಿನ ನಾಚಿಕೆಪಟ್ಟೆ. ಈ ಮಾತು ನನ್ನನ್ನು ಜಾಸ್ತಿ ಸುಡುತ್ತದೆ.

ಅವರಿಗೆ ಹೇಳಿದ್ದು ಐದು ವರ್ಷ ಆದ ಮೇಲೆ, ಊರಿಗೆ ಹೋದಾಗ, ಜಗಲಿಯ ಮೇಲೆ ಕೂತು. ಬೈಯುತ್ತಾರೆ, ಇಲ್ಲ ಅಳುತ್ತಾರೆ ಅಂದುಕೊಂಡೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು ಒಂದೇ ಪ್ರಶ್ನೆ ಕೇಳಿದರು.

"ಕೂರಿಸಿ ಕೊಟ್ರೋ, ನಿಲ್ಲಿಸಿ ಕೊಟ್ರೋ?"

"ಕೂರಿಸಿ ಕೊಟ್ರು ಅಪ್ಪ. ಟೀನೂ ಕೊಟ್ರು."

"ಹಂಗಾದ್ರೆ ಅದು ದಾಸೋಹವೇ" ಅಂದರು. ಆಮೇಲೆ ಆ ಮಾತು ಎತ್ತಲಿಲ್ಲ.

ಊಟ ಮುಗಿಸಿ ಏಳುವಾಗ ನಮ್ಮ ಹಿರಿಯರು ಅನ್ನದಾತಾ ಸುಖೀಭವ ಅನ್ನುತ್ತಾರೆ. ಊರಲ್ಲಿ ಬಡಿಸಿದ ಕೈ ಕಾಣುತ್ತದೆ. ಇಲ್ಲಿ ಯಾರಿಗೆ ಹೇಳೋದು? ಗಂಡನಿಗೆ ಕೆಲಸ ಸಿಕ್ಕ ಮೇಲೆ ಒಂದು ಸಂಜೆ ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ಲಿಂಗ್ ಕೌಂಟರಿನ ಆಚೆ, ಫುಡ್ ಬ್ಯಾಂಕಿನ ತಳ್ಳುಗಾಡಿಯ ಹತ್ತಿರ ಸುಮ್ನೆ ನಿಂತುಕೊಂಡೆ. ನನಗೆ ಊಟ ಹಾಕಿದವರು ಯಾರು ಅಂತ ನೋಡಬೇಕಿತ್ತು. ತುಂಬಾ ಜನ ನೋಡದೆ ಹೋದರು. ರಸ್ತೆ ಕೆಲಸದ ಕಿತ್ತಳೆ ಜಾಕೆಟ್ ಹಾಕಿದ್ದ ಒಬ್ಬ ಬಂದ. ಬೂಟಿನ ತುಂಬಾ ಮಣ್ಣು, ಕೈಯಲ್ಲಿ ತನಗೊಂದು ಸ್ಯಾಂಡ್‌ವಿಚ್. ಒಂದು ಪೊಟ್ಟಣ ಪಾಸ್ತಾ ಗಾಡಿಗೆ ಹಾಕಿ, ನಿಲ್ಲದೆ ಹೊರಟ. ಅವನ ಬೆನ್ನು ನೋಡಿಕೊಂಡು ಮನಸ್ಸಿನಲ್ಲೇ ಹೇಳಿಕೊಂಡೆ.

ಮಗಳಿಗೆ ಇದನ್ನೆಲ್ಲ ಹೇಳಿರಲಿಲ್ಲ. ಇಲ್ಲಿ ಶರತ್ಕಾಲದಲ್ಲಿ ಸ್ಕೂಲುಗಳಲ್ಲಿ ಹಾರ್ವೆಸ್ಟ್ ಫೆಸ್ಟಿವಲ್ ಮಾಡುತ್ತಾರೆ, ನಮ್ಮ ಸುಗ್ಗಿ ಇದ್ದ ಹಾಗೆ. ಮಕ್ಕಳು ತಂದ ಟಿನ್ನುಗಳು ಫುಡ್ ಬ್ಯಾಂಕಿಗೆ ಹೋಗುತ್ತವೆ. ಅವಳಿಗೆ ಹತ್ತು ವರ್ಷ ಆಗಿದ್ದಾಗ ಅಲ್ಮೇರಾದಲ್ಲಿ ಹುಡುಕಿ, ನಾವ್ಯಾರೂ ತಿನ್ನದ ಟಿನ್ನೊಂದನ್ನು ತೆಗೆದು, ಇದು ಬಡವರಿಗೆ ಸಾಕು ಅಂದಳು. ಇಂಗ್ಲಿಷಿನಲ್ಲಿ ಅಂದಳು. ಕನ್ನಡ ಅವಳಿಗೆ ಅರ್ಥವಾಗುತ್ತೆ, ಬಾಯಿಗೆ ಬರುವುದು ಕಡಿಮೆ. ಆ ಮೂಟೆ, ಗಾಡಿ, ಮಠದ ಅಂಗಳ ಯಾವುದನ್ನೂ ನಾನು ಅವಳಿಗೆ ಕೊಟ್ಟಿರಲಿಲ್ಲ. ಆವತ್ತು ಕೂರಿಸಿಕೊಂಡು ಎಲ್ಲ ಹೇಳಿದೆ. ನಾನು ತಿಂದಿದ್ದು ಯಾವ ಟಿನ್ನು ಅಂತ ಕೇಳಿದಳು. ರೈಸ್ ಪುಡಿಂಗ್ ಅಂದೆ. ಅಂಗಡಿಗೆ ಹೋಗಿ ಅದನ್ನೇ ಕೊಂಡು ಸ್ಕೂಲಿಗೆ ಒಯ್ದಳು.

ಈಗ ಶನಿವಾರ ನಾವಿಬ್ಬರೂ ಸಾಮಾನು ವಿಂಗಡಿಸಲು ಹೋಗುತ್ತೇವೆ. ಕೊಡಲು ಬರುವ ನಮ್ಮವರಿಗೆ ಎರಡು ಮಾತು. ಅರ್ಧ ಬಳಸಿದ ಬೇಳೆ, ಊರಿಂದ ತಂದ ಮನೆಯ ಸಾಂಬಾರ್ ಪುಡಿ ಎಷ್ಟು ಪ್ರೀತಿಯಿಂದ ತಂದರೂ ಹಂಚಲು ಆಗುವುದಿಲ್ಲ, ಸೀಲ್ ಒಡೆಯದ, ದಿನಾಂಕ ಇರುವ ಪೊಟ್ಟಣ ಬೇಕು. ಅಕ್ಕಿಯನ್ನು ದೊಡ್ಡ ಚೀಲದ ಬದಲು ಒಂದು ಕಿಲೋದ ಪೊಟ್ಟಣಗಳಲ್ಲಿ ತನ್ನಿ. ಸೋಪು, ಹಲ್ಲುಜ್ಜುವ ಪೇಸ್ಟು, ಹೆಣ್ಣುಮಕ್ಕಳ ಪ್ಯಾಡು ಯಾವಾಗಲೂ ಕಡಿಮೆ ಬೀಳುತ್ತವೆ.

ಟಿನ್ನಿನ ಮೇಲೆ ದಿನಾಂಕ ಬರೆಯುವ ಕೆಲಸ ಮಗಳದ್ದು. ಚೀಲ ಕೊಡುವುದು ನನ್ನದು. ಬಂದವರನ್ನು ಕೂರಿಸಿ, ಟೀ ಕೊಟ್ಟು, ಚೀಲ ಕೈಗಿಡುವಾಗ ಮನೇಲಿ ಟಿನ್ ಓಪನರ್ ಇದೆಯಾ ಅಂತ ಕೇಳುತ್ತೇನೆ. ಇಲ್ಲ ಅಂದವರಿಗೆ ಕೊಡಲು ಮೇಜಿನ ಕೆಳಗೆ ಒಂದು ಡಬ್ಬ ತುಂಬಾ ಇಟ್ಟಿದ್ದೇನೆ.